‘ಏಕ್ ಅನೇಕ್ ಔರ್ ಏಕ್ತಾ’: ದೂರದರ್ಶನದ ಆ 7 ನಿಮಿಷದ ಕಾರ್ಟೂನ್ ಮಾಡಿದವರು ಯಾರು ಗೊತ್ತೇ?

ಮುಂಬೈ: ಮನೆಯಲ್ಲಿ ದೂರದರ್ಶನ ಒಂದೇ ಬರುತ್ತಿದ್ದ ಕಾಲದಲ್ಲಿ ಬೆಳೆದವರಿಗೆ ಈ ಕಾರ್ಟೂನ್ ಮರೆಯಲು ಸಾಧ್ಯವಿಲ್ಲ. ‘ಅನೇಕ’ ಎಂದರೇನು ಎಂದು ಕೇಳುವ ತಮ್ಮನಿಗೆ ಅಕ್ಕ ಕಥೆ ಹೇಳುತ್ತಾಳೆ. ಬೇಟೆಗಾರನ ಬಲೆಗೆ ಸಿಕ್ಕ ಹಕ್ಕಿಗಳು ಒಟ್ಟಿಗೆ ರೆಕ್ಕೆ ಬಡಿದು ಬಲೆ ಸಮೇತ ಹಾರುತ್ತವೆ. ಇಲಿಗಳು ಬಲೆ ಕಡಿದು ಬಿಡಿಸುತ್ತವೆ. ನಮ್ಮ ಪಂಚತಂತ್ರದ್ದೇ ಕಥೆ.

1974ರಲ್ಲಿ ಫಿಲ್ಮ್ಸ್ ಡಿವಿಷನ್ ನಿರ್ಮಿಸಿದ ಈ ಚಿತ್ರಕ್ಕೆ ಅತ್ಯುತ್ತಮ ಶೈಕ್ಷಣಿಕ ಚಿತ್ರ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಸಂಗೀತ ವಸಂತ ದೇಸಾಯಿ ಅವರದ್ದು. ಹಾಡಿದ ಬಾಲಕಿ ಮುಂದೆ ಖ್ಯಾತ ಗಾಯಕಿಯಾದ ಸಾಧನಾ ಸರ್ಗಮ್. ಆಗ ಕಂಪ್ಯೂಟರ್ ಇರಲಿಲ್ಲ. ಸೆಕೆಂಡಿಗೆ 24 ಫ್ರೇಮ್‌ನಂತೆ 7 ನಿಮಿಷಕ್ಕೆ ಸುಮಾರು 10 ಸಾವಿರ ಫ್ರೇಮ್ ಬೇಕು. ಚಿತ್ರಗಳನ್ನೆಲ್ಲ ಕೈಯಲ್ಲೇ ಬರೆಯಬೇಕಿತ್ತು.

ಹಾಡು ಎಲ್ಲರಿಗೂ ನೆನಪಿದೆ. ಅದರ ಹಿಂದಿದ್ದ ಇಬ್ಬರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ನಿರ್ದೇಶನ: ವಿಜಯಾ ಮುಳೆ

1921ರಲ್ಲಿ ಮುಂಬೈಯಲ್ಲಿ ಹುಟ್ಟಿದ ವಿಜಯಾ, ಫಿಲ್ಮ್ ಸೊಸೈಟಿ ಚಳವಳಿಯ ಹಿರಿಯರು. 1959ರಲ್ಲಿ ಸತ್ಯಜಿತ್ ರೇ ಅಧ್ಯಕ್ಷರಾಗಿ ಶುರುವಾದ ಫಿಲ್ಮ್ ಸೊಸೈಟಿಗಳ ಒಕ್ಕೂಟವನ್ನು ಕಟ್ಟಿದವರಲ್ಲಿ ಒಬ್ಬರು. 1975-76ರ ‘ಸೈಟ್’ ಉಪಗ್ರಹ ಟಿವಿ ಯೋಜನೆಯಲ್ಲಿ ಹಳ್ಳಿ ಮಕ್ಕಳ ಕಾರ್ಯಕ್ರಮಗಳಿಗೂ ದುಡಿದರು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಈ ಯೋಜನೆಯಲ್ಲಿದ್ದವು. ನಟಿ ಸುಹಾಸಿನಿ ಮುಳೆ ಇವರ ಮಗಳು. 2019ರ ಮೇ 19ರಂದು ವಿಜಯಾ ನಿಧನರಾದರು.

ವಿನ್ಯಾಸ, ಅನಿಮೇಷನ್: ಭೀಮ್‌ಸೇನ್

ಮುಲ್ತಾನ್‌ನಲ್ಲಿ ಹುಟ್ಟಿದ ಭೀಮ್‌ಸೇನ್, ದೇಶ ವಿಭಜನೆಯ ಬಳಿಕ ಲಖನೌಗೆ ಬಂದವರು. 1961ರಲ್ಲಿ ಫಿಲ್ಮ್ಸ್ ಡಿವಿಷನ್ ಸೇರಿ ಹಿನ್ನೆಲೆ ಚಿತ್ರ ಬರೆಯುತ್ತಲೇ ರಾಮ್ ಮೋಹನ್ ಬಳಿ ಅನಿಮೇಷನ್ ಕಲಿತರು. ಅವರ ‘ದಿ ಕ್ಲೈಂಬ್’ಗೆ ಶಿಕಾಗೊ ಚಿತ್ರೋತ್ಸವದಲ್ಲಿ ಸಿಲ್ವರ್ ಹ್ಯೂಗೊ ಸಿಕ್ಕಿತು. 2018ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಕಾರ್ಟೂನಿನಿಂದ ‘ಘರೋಂದಾ’ಕ್ಕೆ

1977ರಲ್ಲಿ ಭೀಮ್‌ಸೇನ್ ನಿರ್ದೇಶಿಸಿದ ಹಿಂದಿ ಸಿನಿಮಾ ‘ಘರೋಂದಾ’. ಅಮೋಲ್ ಪಾಲೇಕರ್, ಜರೀನಾ ವಹಾಬ್ ಮುಂಬೈಯಲ್ಲೊಂದು ಫ್ಲಾಟ್‌ಗಾಗಿ ಪೈಸೆ ಪೈಸೆ ಕೂಡಿಡುತ್ತಾರೆ, ಬಿಲ್ಡರ್ ಮೋಸ ಮಾಡುತ್ತಾನೆ. ಮುಂಬೈಯಲ್ಲಿ ನೌಕರಿ, ಮನೆ ಮಾತ್ರ ಠಾಣೆ, ಡೊಂಬಿವ್ಲಿ, ಕಲ್ಯಾಣ ಅಥವಾ ನವಿ ಮುಂಬೈಯಲ್ಲಿ ಎಂದು ದಿನವೂ ಲೋಕಲ್ ಹಿಡಿಯುವ ಕನ್ನಡಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನ್ನೂ ಒಟ್ಟಿಗೆ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಕಾರ್ಟೂನಿನ ಹಕ್ಕಿಗಳು ಗುಂಪಾಗಿದ್ದವು, ಬಲೆಯನ್ನೇ ಎತ್ತಿಕೊಂಡು ಹಾರಿದವು. ‘ಘರೋಂದಾ’ದ ಜೋಡಿಗೆ ಜತೆಯಲ್ಲಿ ರೆಕ್ಕೆ ಬಡಿಯುವವರು ಯಾರೂ ಇರಲಿಲ್ಲ.