ಅಂಗಡಿಯ ಯಂತ್ರದಿಂದ ಮನೆಯ ಪರದೆಗೆ

1990ರ ದಶಕದಲ್ಲಿ ಮಕ್ಕಳಿದ್ದ ನಮ್ಮ ಸಮಾಜಬಾಂಧವರ ಅನೇಕ ಮನೆಗಳಲ್ಲಿ ಟಿ.ವಿ.ಗೆ ತಂತಿಯಿಂದ ಜೋಡಿಸುವ ಆಟದ ಯಂತ್ರವೊಂದು ಇರುತ್ತಿತ್ತು. ಅದಕ್ಕೆ ತುರುಕುವ ಹಳದಿ ಬಣ್ಣದ ಡಬ್ಬಿಗೆ ಮಕ್ಕಳು ‘ಕ್ಯಾಸೆಟ್ಟು’ ಎಂದೇ ಕರೆಯುತ್ತಿದ್ದರು. ಗ್ಯಾಲಕ್ಸಿಯನ್, ಗ್ಯಾಲಗ, 1942 ಎಂಬ ಹೆಸರುಗಳು ಮನೆಯ ಹಿರಿಯರ ಕಿವಿಗೂ ಬಿದ್ದಿದ್ದವು. ಬೇಸಿಗೆ ರಜೆ ಬಂದರೆ ಸಂಜೆಯ ಪೂಜೆಯ ಹೊತ್ತಿಗೆ ಆ ಯಂತ್ರವನ್ನು ಆರಿಸುವುದೇ ತಾಯಂದಿರಿಗೆ ಒಂದು ಕೆಲಸವಾಗಿತ್ತು.

ಈಚೆಗೆ ಆಪ್ತರೊಬ್ಬರ ಮನೆಗೆ ಹೋಗಿದ್ದಾಗ ತಂದೆ-ಮಗನ ನಡುವೆ ನಡೆದ ವಾದವೊಂದನ್ನು ನಾವು ಕೇಳಿದೆವು. ಮಗನು ತನ್ನ ಹೊಸ ಯಂತ್ರದಲ್ಲಿ ಗ್ಯಾಲಗ ಆಟದ ಮೂಲರೂಪವನ್ನು ತಂದೆಗೆ ತೋರಿಸಿದನು. ತಂದೆಯವರು ಎರಡು ನಿಮಿಷ ಆಡಿ, “ಇದು ನಿಜವಾದ ಗ್ಯಾಲಗ ಅಲ್ಲ, ನಾವು ಆಡಿದ್ದು ಬೇರೆ” ಎಂದುಬಿಟ್ಟರು. ಅವರು ಆಡಿದ್ದು ರೂಪಾಂತರ, ಮಗನು ತೋರಿಸಿದ್ದೇ ಮೂಲ ಎಂದು ತಿಳಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಆ ಅಸಮಾಧಾನವು ನಮ್ಮನ್ನೂ ಚಿಂತನೆಗೆ ಹಚ್ಚಿತು. ಮೂಲವನ್ನು ಎಂದೂ ಕಾಣದವನಿಗೆ ಮೂಲ ಯಾವುದು?

ಈ ಆಟಗಳೆಲ್ಲ ಹುಟ್ಟಿದ್ದು ಜಪಾನಿನ ಮನರಂಜನಾ ಅಂಗಡಿಗಳಲ್ಲಿ ನಿಂತಿರುತ್ತಿದ್ದ, ನಾಣ್ಯ ಹಾಕಿ ಆಡುವ ಆಳೆತ್ತರದ ಯಂತ್ರಗಳಲ್ಲಿ. ಅಂಥ ಪ್ರತಿಯೊಂದು ಯಂತ್ರವನ್ನೂ ಒಂದೇ ಆಟಕ್ಕಾಗಿ ಕಟ್ಟಲಾಗುತ್ತಿತ್ತು. ಮನೆಯ ಯಂತ್ರವಾದರೋ ನೂರಾರು ಆಟಗಳಿಗೆ ಒಂದೇ, ಬೆಲೆಯೂ ಮಿತವಾಗಿರಬೇಕು. ಹಂಡೆಯ ನೀರನ್ನು ತಂಬಿಗೆಯಲ್ಲಿ ಹಿಡಿಸಬೇಕಾದ ಸಂಕಟವು ರೂಪಾಂತರ ಮಾಡುವವನ ಪಾಲಿಗೆ ಬರುತ್ತಿತ್ತು.

1978ರಲ್ಲಿ ಟೈಟೋ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾದೊ ಅವರು ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಈ ಪರಂಪರೆಗೆ ಮೊದಲಿನದೆನ್ನಬಹುದು. ಮನುಷ್ಯರನ್ನು ಗುರಿಯಾಗಿಸಿ ಗುಂಡು ಹಾರಿಸುವ ಆಟ ಸಲ್ಲದೆಂಬ ಕಾರಣದಿಂದಲೇ ಶತ್ರುಗಳಾಗಿ ಅನ್ಯಗ್ರಹದ ಜೀವಿಗಳು ಬಂದವೆಂಬುದನ್ನು ನಮ್ಮ ಪಾಲಕರು ಗಮನಿಸಬೇಕು. ಐದು ಸಾಲುಗಳಲ್ಲಿ ಹನ್ನೊಂದರಂತೆ 55 ಶತ್ರುಗಳು. ಪರದೆಯು ಒಮ್ಮೆ ಹೊಸದಾಗಿ ಮೂಡುವಷ್ಟರಲ್ಲಿ ಯಂತ್ರವು ಒಂದೇ ಶತ್ರುವನ್ನು ಸರಿಸಬಲ್ಲದು. ಆದಕಾರಣ ಶತ್ರುಗಳು ಸತ್ತಂತೆಲ್ಲ ಸರದಿ ಬೇಗ ಬಂದು, ಉಳಿದವು ತಾವಾಗಿಯೇ ವೇಗ ಪಡೆಯುತ್ತವೆ. ಕೊನೆಯ ಒಂದಂತೂ ಓಡುತ್ತದೆ. ಯಂತ್ರದ ದೌರ್ಬಲ್ಯವೇ ಆಟದ ಸ್ವಾರಸ್ಯವಾಯಿತು! ನಿಶಿಕಾದೊ ಅವರು ಅದನ್ನು ಕಂಡು ಹಾಗೆಯೇ ಉಳಿಸಿಕೊಂಡರು.

1980ರಲ್ಲಿ ಈ ಆಟವು ಅಮೆರಿಕದ ಅಟಾರಿ 2600 ಎಂಬ ಮನೆಯ ಯಂತ್ರಕ್ಕೆ ಬಂದಿತು. ಅಂಗಡಿಯ ಆಟವೊಂದು ಅಧಿಕೃತ ಪರವಾನಗಿಯೊಂದಿಗೆ ಮನೆಗೆ ಬಂದದ್ದು ಅದೇ ಮೊದಲು. ಅದನ್ನು ಬರೆದವರು ರಿಕ್ ಮಾರರ್. ಅವರ ಕೈಯಲ್ಲಿದ್ದ ಸಾಧನವನ್ನು ನೆನೆದರೆ ಮರುಕ ಹುಟ್ಟುತ್ತದೆ. ಕೆಲಸದ ಸ್ಮೃತಿ ಕೇವಲ 128 ಬೈಟ್. ಇಡೀ ಆಟಕ್ಕೆ 4 ಕಿಲೋಬೈಟ್ ಸ್ಥಳ. 1977ರ ಆ ಯಂತ್ರವು ಇಬ್ಬರು ಎದುರುಬದುರಾಗಿ ಆಡುವ ಸರಳ ಆಟಗಳಿಗಾಗಿ ರೂಪುಗೊಂಡಿದ್ದರಿಂದ ಅದಕ್ಕೆ ತಿಳಿದಿದ್ದುದು ಎರಡೇ ಆಟಗಾರರ ಚಿತ್ರಗಳು. ಆದರೆ ಒಂದೊಂದು ಚಿತ್ರವನ್ನೂ ಅಡ್ಡಸಾಲಿನಲ್ಲಿ ಮೂರು ಪ್ರತಿಗಳಾಗಿ ತೋರಿಸುವ ಸೌಕರ್ಯ ಅದರಲ್ಲಿತ್ತು. ಎರಡು ಮೂರಲೆ ಆರು. ಆದ್ದರಿಂದಲೇ ಮನೆಯ ಪರದೆಯಲ್ಲಿ ಹನ್ನೊಂದರ ಸಾಲು ಆರಕ್ಕಿಳಿಯಿತು; ಆರು ಸಾಲುಗಳಲ್ಲಿ 36 ಶತ್ರುಗಳು ನಿಂತರು. ನಾಲ್ಕು ಕೋಟೆಗಳು ಮೂರಾದವು.

ಇಷ್ಟೆಲ್ಲ ಕಳೆದರೂ ಮಾರರ್ ಅವರು ಕೂಡಿಸಿದ್ದೂ ಉಂಟು. ಚಲಿಸುವ ಕೋಟೆ, ಕಣ್ಣಿಗೆ ಕಾಣದ ಶತ್ರು, ವಕ್ರವಾಗಿ ಬೀಳುವ ಬಾಂಬು ಮೊದಲಾದ 112 ಬಗೆಗಳನ್ನು ಆ ಪುಟ್ಟ ಡಬ್ಬಿಯಲ್ಲಿ ಅಡಗಿಸಿದರು. ಅಂಗಡಿಯಲ್ಲಿ ಇಬ್ಬರು ಸರದಿಯಂತೆ ಆಡಬೇಕಾಗಿದ್ದರೆ, ಮನೆಯಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಆಡಬಹುದಾಯಿತು. ಈ ಒಂದು ಡಬ್ಬಿಗಾಗಿಯೇ ಜನರು ಯಂತ್ರವನ್ನು ಕೊಂಡರು. ಆ ದಿನಗಳಲ್ಲಿ ಆಟ ಬರೆದವನ ಹೆಸರನ್ನು ಅಟಾರಿಯು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಿರಲಿಲ್ಲ. ಕಾಯಕವೇ ಹಿರಿದೆಂದು ನಂಬಿದ ನಮಗೆ ಕಾಯಕ ಮಾಡಿದವನ ಹೆಸರು ಮರೆಯಾಗುವುದು ಸರಿಯೆನಿಸದು. ಅದಕ್ಕಾಗಿಯೇ ಇಲ್ಲಿ ಹೆಸರಿಸಿದ್ದೇವೆ.

ನಮ್ಮ ನಾಡಿನ ಮಕ್ಕಳು ಆಡಿದ ಹಳದಿ ಡಬ್ಬಿಯ ಯಂತ್ರಗಳು ಬಹುಮಟ್ಟಿಗೆ ನಿಂಟೆಂಡೋ ಸಂಸ್ಥೆಯು 1983ರಲ್ಲಿ ಜಪಾನಿನಲ್ಲಿ 14,800 ಯೆನ್ನುಗಳಿಗೆ ಮಾರಾಟಕ್ಕಿಟ್ಟ ‘ಫ್ಯಾಮಿಕಾಮ್’ ಯಂತ್ರದ ನಕಲುಗಳು. ಇದರಲ್ಲಿ ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಣುಕುಗಳು ಮೂಡುವಂತಿಲ್ಲ. ಮೀರಿದರೆ ಕೆಲವು ಮಾಯವಾಗುತ್ತವೆ. ಅವುಗಳನ್ನು ಸರದಿಯಲ್ಲಿ ತೋರಿಸಿದರೆ ಮಿಣುಕುತ್ತವೆ. ಮಕ್ಕಳು ಟಿ.ವಿ. ಕೆಟ್ಟಿದೆಯೆಂದು ದೂರುತ್ತಿದ್ದುದು ಈ ಮಿಣುಕಾಟವನ್ನು ಕಂಡೇ ಇರಬೇಕು. ಇನ್ನು 1981ರ ಮೂಲ ಗ್ಯಾಲಗದ ಪರದೆಯು ನಿಲುವುಗನ್ನಡಿಯಂತೆ ಉದ್ದವಾದುದು, ಮನೆಯ ಟಿ.ವಿ. ಅಡ್ಡವಾದುದು. ಆದ್ದರಿಂದ 1985ರ ಫ್ಯಾಮಿಕಾಮ್ ರೂಪದಲ್ಲಿ ಅಂಕಗಳನ್ನು ಬಲಬದಿಗೆ ಸರಿಸಿ, ಆಟದ ಆಕಾಶವನ್ನು ಮೊಟಕುಗೊಳಿಸಲಾಯಿತು. ನಮ್ಮ ಆಪ್ತರಿಗೆ ‘ಬೇರೆ’ ಎನಿಸಿದ್ದು ಇದೇ. ಅವರ ಬೆರಳುಗಳು ಮೊಟಕಾದ ಆಕಾಶಕ್ಕೆ ಹೊಂದಿಕೊಂಡಿದ್ದವು. ನಮ್ಮ ಮಟ್ಟಿಗೆ ಹೇಳುವುದಾದರೆ ಅದು ಪ್ರಾಮಾಣಿಕ ರೂಪಾಂತರ. 1942 ಆಟದ ರೂಪಾಂತರಕ್ಕೆ ಆ ಮಾತು ಹೇಳಲಾರೆವು. ಅದರ ಪೀಪಿಯಂಥ ಏಕನಾದವನ್ನು ಕೇಳಿದ ಮನೆಯವರೆಲ್ಲ ಒಪ್ಪುತ್ತಾರೆ.

1985ರ ‘ಗ್ರೇಡಿಯಸ್’ ಇನ್ನೂ ಕಠಿಣ ಪರೀಕ್ಷೆಯನ್ನೊಡ್ಡಿತು. ಕೊನಾಮಿ ಸಂಸ್ಥೆಯ ಈ ಆಟದಲ್ಲಿ ನೌಕೆಯ ಬೆನ್ನಿಗೆ ಹೊಳೆಯುವ ಗೋಲಗಳು ಸಂಗಾತಿಗಳಂತೆ ಹಿಂಬಾಲಿಸಿ ತಾವೂ ಗುಂಡು ಹಾರಿಸುತ್ತವೆ. ಅಂಗಡಿಯಲ್ಲಿ ಇಂಥ ನಾಲ್ಕನ್ನು ಪಡೆಯಬಹುದು. 1986ರ ಫ್ಯಾಮಿಕಾಮ್ ರೂಪದಲ್ಲಿ ಎರಡೇ. ಅದೇ ವರ್ಷದ ಎಂ.ಎಸ್.ಎಕ್ಸ್. ಗಣಕದ ಪಾಡು ಮತ್ತಷ್ಟು ದೈನ್ಯದ್ದು. ಅದಕ್ಕೆ ದೃಶ್ಯವನ್ನು ನಯವಾಗಿ ಸರಿಸುವ ಶಕ್ತಿಯೇ ಇಲ್ಲದ್ದರಿಂದ ನಕ್ಷತ್ರಲೋಕವು ಎತ್ತಿನಗಾಡಿಯಂತೆ ಕುಲುಕುತ್ತ ಸಾಗುತ್ತದೆ. ಆದರೂ ಅದರ ರಚನಕಾರರು ಮೂಲದಲ್ಲಿಲ್ಲದ ಹೊಸ ಹಂತವೊಂದನ್ನು ಸೇರಿಸಿ ಕೊರತೆಯನ್ನು ತುಂಬಿಕೊಟ್ಟರು. ತದ್ವಿರುದ್ಧವಾಗಿ 1987ರಲ್ಲಿ ಶಾರ್ಪ್ ಸಂಸ್ಥೆಯು ಎಕ್ಸ್68000 ಎಂಬ ದುಬಾರಿ ಗಣಕದೊಂದಿಗೆ ಗ್ರೇಡಿಯಸ್ಸನ್ನು ಸೇರಿಸಿಯೇ ಕೊಟ್ಟಿತು. ಅದು ಅಂಗಡಿಯ ಆಟದ ಪಡಿಯಚ್ಚಿನಂತಿತ್ತು. ಉಳ್ಳವರ ಮಕ್ಕಳಿಗೆ ನಾಲ್ಕು ಗೋಲ, ಉಳಿದವರಿಗೆ ಎರಡು!

ಫ್ಯಾಮಿಕಾಮ್ ರೂಪವನ್ನು ಸಿದ್ಧಪಡಿಸಿದವರಲ್ಲಿ ಕಜುಹಿಸಾ ಹಶಿಮೊಟೊ ಒಬ್ಬರು. ತಾವು ಪರೀಕ್ಷಿಸಬೇಕಾದ ಆಟವನ್ನು ಕೊನೆಯವರೆಗೆ ಆಡಲು ಸ್ವತಃ ಅವರಿಗೇ ಆಗಲಿಲ್ಲ. ಹೀಗಾಗಿ ಎಲ್ಲ ಶಕ್ತಿಗಳೂ ಒಮ್ಮೆಗೇ ದೊರಕುವಂತೆ, ನೆನಪಿಡಲು ಸುಲಭವಾದ ಗುಂಡಿಗಳ ಸರಣಿಯೊಂದನ್ನು ಅಳವಡಿಸಿಕೊಂಡರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಆಟ ಮಾರಾಟಕ್ಕೆ ಹೋದಾಗಲೂ ಅದು ಒಳಗೇ ಉಳಿಯಿತು. ಮುಂದೆ ‘ಕಾಂಟ್ರಾ’ದಲ್ಲಿ 30 ಜೀವಗಳನ್ನು ಕೊಟ್ಟ ಇದೇ ಮಂತ್ರವನ್ನು ನಮ್ಮೂರ ಹುಡುಗರೂ ಬಾಯಿಪಾಠ ಮಾಡಿದ್ದರು. ಹಶಿಮೊಟೊ ಅವರು 2020ರಲ್ಲಿ ತೀರಿಕೊಂಡಾಗ ಲೋಕದ ನಾನಾ ಕಡೆಯ ಆಟಗಾರರು ಅವರನ್ನು ಸ್ಮರಿಸಿದರು.

ರೂಪಾಂತರದ ಇತಿಹಾಸದಲ್ಲಿ ವಿನೋದಕ್ಕೂ ಕೊರತೆಯಿಲ್ಲ. ಇರೆಮ್ ಸಂಸ್ಥೆಯ ‘ಆರ್-ಟೈಪ್’ 1987ರದು. ಜಪಾನಿನ ಪಿ.ಸಿ. ಎಂಜಿನ್ ಯಂತ್ರಕ್ಕೆ 1988ರಲ್ಲಿ ಬಂದಾಗ ಅದರ ಎಂಟು ಹಂತಗಳು ಒಂದೇ ಕಾರ್ಡಿನಲ್ಲಿ ಹಿಡಿಸದೆ ಎರಡು ಕಾರ್ಡುಗಳಾಗಿ ಮಾರಾಟವಾದವು. ಅದೇ ವರ್ಷ ಜರ್ಮನಿಯ ತರುಣರು ‘ಕಟಾಕಿಸ್’ ಎಂಬ ಆಟವನ್ನು ಕಮೊಡೋರ್ 64 ಗಣಕಕ್ಕೆ ರಚಿಸಿದರು. ಅದು ಆರ್-ಟೈಪನ್ನು ಎಷ್ಟು ಹೋಲುತ್ತಿತ್ತೆಂದರೆ, ಯುರೋಪಿನಲ್ಲಿ ಗಣಕರೂಪದ ಹಕ್ಕು ಪಡೆದಿದ್ದ ಆಕ್ಟಿವಿಷನ್ ಸಂಸ್ಥೆಯು ದಾವೆಯ ಬೆದರಿಕೆ ಹಾಕಿತು. ಅನಂತರ, ಅಸಲಿ ಆರ್-ಟೈಪನ್ನು ಕಮೊಡೋರಿಗೆ ತರಬಲ್ಲವರು ಬೇರೆ ಸಿಗದೆ, ಆ ಕೆಲಸವನ್ನು ಅದೇ ತರುಣರಿಗೇ ಒಪ್ಪಿಸಿತು. ಅವರು ಆರೂವರೆ ವಾರಗಳಲ್ಲಿ ಮುಗಿಸಿಕೊಟ್ಟರು.

ಬ್ರಿಟನ್ನಿನಲ್ಲಿ ಬಾಬ್ ಪೇಪ್ ಎಂಬವರು ಆರ್-ಟೈಪನ್ನು ಝಡ್.ಎಕ್ಸ್. ಸ್ಪೆಕ್ಟ್ರಮ್ ಎಂಬ ಬಡ ಗಣಕಕ್ಕೆ ಇಳಿಸಿದರು. ಅದರ ಪರದೆಯಲ್ಲಿ ಎಂಟು ಚುಕ್ಕೆಗಳ ಪ್ರತಿ ಚೌಕದಲ್ಲೂ ಎರಡೇ ಬಣ್ಣಗಳಿಗೆ ಅವಕಾಶ; ನೌಕೆಯೊಂದು ಇನ್ನೊಂದರ ಸಮೀಪ ಬಂದರೆ ಬಣ್ಣಗಳು ಕಲಸಿಹೋಗುತ್ತವೆ. ಹಲವರು ಇದಕ್ಕಂಜಿ ಇಡೀ ಆಟವನ್ನೇ ಏಕವರ್ಣದಲ್ಲಿ ಮಾಡಿ ಮುಗಿಸುತ್ತಿದ್ದರು. ಪೇಪ್ ಅವರು ಬಣ್ಣವನ್ನು ಬಿಡಲಿಲ್ಲ. ನಮ್ಮ ಎಣಿಕೆಯಲ್ಲಿ, ಇಲ್ಲಿ ಹೇಳಿದ ಎಲ್ಲ ರೂಪಾಂತರಗಳಲ್ಲಿ ಮಾರರ್ ಹಾಗೂ ಪೇಪ್ ಅವರ ಕೃತಿಗಳೇ ಹೆಚ್ಚಿನ ಗೌರವಕ್ಕೆ ಪಾತ್ರವಾದುವು. ಎಕ್ಸ್68000ದ ಪಡಿಯಚ್ಚಿಗಿಂತಲೂ ಮಿಗಿಲಾಗಿ.

2014ರಿಂದೀಚೆಗೆ ಹ್ಯಾಮ್‌ಸ್ಟರ್ ಎಂಬ ಜಪಾನೀ ಸಂಸ್ಥೆಯು ಅಂಗಡಿಯ ಮೂಲ ಆಟಗಳನ್ನು ಹೊಸ ಯಂತ್ರಗಳಿಗೆ ಒದಗಿಸುತ್ತ ಬಂದಿದೆ. ಇಲ್ಲಿ ಯಾರೂ ಆಟವನ್ನು ಮರಳಿ ಬರೆಯುವುದಿಲ್ಲ. ಹೊಸ ಯಂತ್ರವೇ ಹಳೆಯ ಯಂತ್ರದಂತೆ ನಟಿಸಿ ಮೂಲ ಕ್ರಮವಿಧಿಯನ್ನೇ ನಡೆಸುತ್ತದೆ. ಆದರೂ ನಿಲುವಾದ ಚಿತ್ರವು ಅಡ್ಡ ಟಿ.ವಿ.ಯ ನಡುವೆ ನಿಂತು ಎರಡೂ ಪಕ್ಕ ಖಾಲಿ ಉಳಿಯುತ್ತದೆ. ನಮ್ಮ ಆಪ್ತರ ಮನೆಯಲ್ಲಿ ಆ ಖಾಲಿ ಜಾಗವನ್ನು ಕಂಡೇ ತಂದೆಯವರು, “ನೋಡಿದೆಯಾ, ಅಂಕಗಳು ಇರಬೇಕಾದ್ದು ಅಲ್ಲಿ” ಎಂದು ಬಲಬದಿಗೆ ಬೆರಳು ಮಾಡಿದ್ದರು. ಅಟ್ಟದ ಮೇಲಿರುವ ಹಳೆಯ ಯಂತ್ರವನ್ನು ಇಳಿಸಿ ಜೋಡಿಸಬೇಕೆಂದು ಮಗನು ಈಗ ಹಟ ಹಿಡಿದಿದ್ದಾನಂತೆ. ಹೊಸ ಟಿ.ವಿ.ಗೆ ಆ ತಂತಿಯನ್ನು ಸಿಕ್ಕಿಸುವ ತೂತೇ ಇಲ್ಲವೆಂಬುದು ಅವನಿಗಿನ್ನೂ ತಿಳಿದಿಲ್ಲ.