ಹಿಂತಿರುಗಿ ಬಂದ ಸೀರೆ

ಹುಬ್ಬಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನನಿಗೆ ಬ್ಯಾಂಕಿನಲ್ಲಿ ಕೆಲಸ. ಗೃಹಿಣಿ ಮೂರು ವರ್ಷಗಳಿಂದ ಇಳಕಲ್ಲಿನಿಂದ ಸೀರೆಗಳನ್ನು ತರಿಸಿ ಅಂತರ್ಜಾಲದ ಮೂಲಕ ಮಾರುತ್ತಿದ್ದಾಳೆ. ನಡುಮನೆಯ ಕಪಾಟೇ ಅವಳ ಅಂಗಡಿ. ಕೈಯಲ್ಲಿರುವ ಮೊಬೈಲೇ ಗಲ್ಲಾಪೆಟ್ಟಿಗೆ. ಮಗನ ಕಾಲೇಜಿನ ಶುಲ್ಕ ಈ ಕಪಾಟಿನಿಂದಲೇ ಹೊರಡಬೇಕು.

ಒಂದು ಸಂಜೆ ಕೊರಿಯರ್ ಹುಡುಗನು ಒಂದು ಪೊಟ್ಟಣವನ್ನು ತಂದುಕೊಟ್ಟು, ಮೊಬೈಲಿನ ಗಾಜಿನ ಮೇಲೆ ಅವಳ ಬೆರಳಿನಿಂದ ಒಂದು ಸಹಿ ಗೀಚಿಸಿಕೊಂಡು, ಬಂದ ವೇಗದಲ್ಲಿಯೇ ಹೊರಟುಹೋದನು. ಎರಡು ವಾರಗಳ ಹಿಂದೆ ಬೆಂಗಳೂರಿಗೆ ಕಳುಹಿಸಿದ್ದ ಕಸೂತಿಯ ಸೀರೆ ಅದು. ಬೆಲೆ ಆರೂವರೆ ಸಾವಿರ ರೂಪಾಯಿ. 'ಬೇರೆ ವಸ್ತು ಬಂದಿದೆ' ಎಂಬ ಕಾರಣ ಕೊಟ್ಟು ಕೊಂಡವರು ಅದನ್ನು ಮರಳಿಸಿದ್ದರು. ಬಿಚ್ಚಿ ನೋಡಿದರೆ ಬಣ್ಣ ಅದೇ. ಅಂಚೂ ಹೆಚ್ಚುಕಡಿಮೆ ಅದೇ. ಆದರೂ ಕೈಗೆ ಏನೋ ಒಗ್ಗಲಿಲ್ಲ.

"ಅತ್ತಿ, ಇದು ನಮ್ಮ ಸೀರಿ ಹೌದೋ ಅಲ್ಲೋ ಸ್ವಲ್ಪ ನೋಡ್ರಿ."

ಅತ್ತೆ ಕನ್ನಡಕವನ್ನು ಏರಿಸಿಕೊಂಡಳು. "ಸೆರಗ ತಿರುವಿ ನೋಡವಾ. ಕೊಂಡಿ ಎಲ್ಲೈತಿ ಇದಕ್ಕ?"

ಕೊಂಡಿ ಇರಲಿಲ್ಲ.

ಇಳಕಲ್ಲಿನ ಸೀರೆಯನ್ನು ಉಟ್ಟು ಬೆಳೆದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸೀರೆಯ ಒಡಲಿಗೂ ಸೆರಗಿಗೂ ಹಾಸಿನ ನೂಲುಗಳೇ ಬೇರೆಬೇರೆ. ಎರಡನ್ನೂ ಎಳೆಗೆ ಎಳೆಯಂತೆ ಕುಣಿಕೆ ಹಾಕಿ ಜೋಡಿಸುವ ಕ್ರಮಕ್ಕೆ ಕೊಂಡಿಯೆಂದು ಹೆಸರು. ಕೈಮಗ್ಗದ ಸೀರೆಯ ಸೆರಗಿನ ಸಂದಿಯಲ್ಲಿ ಬೆರಳಾಡಿಸಿದರೆ ಆ ಕುಣಿಕೆಗಳ ಸಾಲು ತಾನಾಗಿಯೇ ಹತ್ತುತ್ತದೆ. ಯಂತ್ರದ ಮಗ್ಗದಲ್ಲಿ ನೆಯ್ದ ಅನುಕರಣೆಯಲ್ಲಿ ಅದು ದೊರೆಯದು. ಕಸೂತಿಯ ಮಾತೂ ಹಾಗೆಯೇ. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ನುರಿತ ಕೈ ಗಂಟು ಹಾಕುವುದಿಲ್ಲ. ಹಿಂಬದಿಯೂ ಮುಂಬದಿಯಷ್ಟೇ ಅಚ್ಚುಕಟ್ಟು. ಮರಳಿ ಬಂದ ಸೀರೆಯ ಹಿಂಬದಿಯಲ್ಲಾದರೋ ದಾರದ ಜೊಂಪೆ ಜೋಲಾಡುತ್ತಿದ್ದಿತು. ಅಸಲು ಸೀರೆಯನ್ನು ಇಟ್ಟುಕೊಂಡು ನಕಲನ್ನು ಕಳುಹಿಸಿದ್ದರು. ಹಣವಂತೂ ಅಷ್ಟರಲ್ಲಿಯೇ ಕೊಂಡವರ ಖಾತೆಗೆ ಹಿಂದಿರುಗಿದ್ದಿತು. ಅದರ ಮೇಲೆ ವಾಪಸು ಸಾಗಣೆಯ ವೆಚ್ಚವನ್ನೂ ಗೃಹಿಣಿಯ ಲೆಕ್ಕಕ್ಕೇ ಬರೆಯಲಾಗಿದ್ದಿತು!

ಕಾಲಚಕ್ರ ಹೇಗೆ ತಿರುಗಿದೆ ನೋಡಿ. ನಮ್ಮ ದೇಶದ ಅಂಚೆ ಇಲಾಖೆಯಲ್ಲಿ ವಿ.ಪಿ. ಪದ್ಧತಿ ಆರಂಭವಾದುದು 1877ರಲ್ಲಿ. ಅಂಚೆಯವನ ಕೈಗೆ ಹಣವಿಟ್ಟ ಮೇಲೆಯೇ ಪಾರ್ಸೆಲು ಗಿರಾಕಿಯ ಕೈಸೇರುತ್ತಿದ್ದಿತು. ಗಡಿಯಾರದ ಆಸೆಯಿಂದ ಬಿಚ್ಚಿದ ಪೆಟ್ಟಿಗೆಯಲ್ಲಿ ಮರದ ತುಂಡು ಕಂಡ ಕಥೆಗಳು ಹಳೆಯ ತಲೆಮಾರಿನವರ ಬಾಯಲ್ಲಿ ಇಂದಿಗೂ ಉಂಟು. ಆಗ ಕಳುಹಿಸಿದವನು ಕಳ್ಳನಾಗಿದ್ದರೆ ಪಡೆದವನು ಬಾಯಿಬಡಿದುಕೊಳ್ಳಬೇಕಾಗಿದ್ದಿತು. ಈಗ ಮರದ ತುಂಡು ಮಾರಿದವರ ಮನೆಗೇ ಬರುತ್ತಿದೆ.

ವಸ್ತು ಮೆಚ್ಚುಗೆಯಾಗದಿದ್ದರೆ ಹಣ ವಾಪಸು ಎಂಬ ಭರವಸೆಯೇನೂ ಹೊಸದಲ್ಲ. ಅಮೆರಿಕೆಯ ಷಿಕಾಗೋ ನಗರದಲ್ಲಿ 1872ರಲ್ಲಿ ಅಂಚೆಯ ಮೂಲಕ ವ್ಯಾಪಾರ ತೊಡಗಿದ ಮಾಂಟ್‌ಗೊಮೆರಿ ವಾರ್ಡ್ ಎಂಬಾತನು 1875ರಲ್ಲಿಯೇ ಅದನ್ನು ಘೋಷಿಸಿದ್ದನು. ಕಣ್ಣಿಂದ ಕಾಣದ, ಕೈಯಿಂದ ಮುಟ್ಟದ ಸರಕಿಗೆ ಹಳ್ಳಿಯ ರೈತನು ಹಣ ಬಿಚ್ಚಬೇಕಾದರೆ ಅಂಥ ಧೈರ್ಯ ಬೇಕೇ ಬೇಕಾಗಿದ್ದಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆ 2010ರಲ್ಲಿ, ವಸ್ತು ಮನೆಗೆ ಬಂದ ಮೇಲೆ ಹಣ ಕೊಡುವ ಏರ್ಪಾಡನ್ನು ತಂದಾಗಲೂ ಗಿರಾಕಿಯ ಮನಸ್ಸಿನ ಅಂಜಿಕೆಯನ್ನು ಕಳೆಯುವುದೇ ಉದ್ದೇಶವಾಗಿದ್ದಿತು. ಅಂಜಿಕೆ ಕಳೆಯಿತು, ವ್ಯಾಪಾರ ಬೆಳೆಯಿತು. ನಿಗದಿಯಾದ ವಹಿವಾಟಿನ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ಜಿ.ಎಸ್.ಟಿ. ನೋಂದಣಿಯಿಲ್ಲದೆಯೂ ತಮ್ಮ ರಾಜ್ಯದೊಳಗೆ ಇಂಥ ಮಾರುಕಟ್ಟೆಗಳ ಮೂಲಕ ಸರಕು ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಅನುಮತಿ ದೊರೆತ ಮೇಲಂತೂ, ಹಪ್ಪಳ ಸಂಡಿಗೆಯಿಂದ ಚನ್ನಪಟ್ಟಣದ ಬೊಂಬೆಗಳವರೆಗೆ ಮನೆಮನೆಯ ಸರಕಿಗೂ ದಾರಿ ತೆರೆಯಿತು. ಆದರೆ ಷಿಕಾಗೋದ ವರ್ತಕನು ಒಂದು ನಷ್ಟವನ್ನು ನೂರು ಲಾಭಗಳಲ್ಲಿ ಕರಗಿಸಬಲ್ಲವನಾಗಿದ್ದನು. ಹುಬ್ಬಳ್ಳಿಯ ಗೃಹಿಣಿಗೆ ಒಂದು ಸೀರೆ ಹೋದರೆ, ಅದನ್ನು ತುಂಬಿಕೊಳ್ಳಲು ಹತ್ತು ಸೀರೆಗಳಾದರೂ ಮಾರಾಟವಾಗಬೇಕು.

ಮರಳಿಕೆಯ ಮೋಸಕ್ಕೆ ರೂಪಗಳು ಹಲವು. ಮದುವೆಗೆ ಒಂದು ದಿನ ಉಟ್ಟು, ಬೆವರಿನ ವಾಸನೆಗೆ ಅತ್ತರು ಚಿಮುಕಿಸಿ, ಚೀಟಿಯನ್ನು ಹಾಗೆಯೇ ಉಳಿಸಿ ಮರಳಿಸುವವರಿದ್ದಾರೆ. ಇದನ್ನು ಮೋಸವೆಂದು ಅವರು ಭಾವಿಸುವುದೂ ಇಲ್ಲ; 'ವಾಪಸು ಕೊಡಬಹುದೆಂದು ಅವರೇ ಬರೆದಿದ್ದಾರಲ್ಲ!' ಎನ್ನುತ್ತಾರೆ. ಹೊಸ ಮಿಕ್ಸರನ್ನು ಇಟ್ಟುಕೊಂಡು ಮನೆಯಲ್ಲಿದ್ದ ಹಳೆಯದನ್ನು ಅದೇ ಪೆಟ್ಟಿಗೆಯಲ್ಲಿ ತುಂಬುವವರು ಮತ್ತೊಂದು ಬಗೆ. ಪೆಟ್ಟಿಗೆ ಬರಿದಾಗಿತ್ತೆಂದು ದೂರುವವರು ಮೂರನೆಯ ಬಗೆ. ಈ ಕೊನೆಯವರಿಂದ ದೊಡ್ಡ ವ್ಯಾಪಾರಿಗಳೂ ಪಾರಾಗಿಲ್ಲ. 2017ರಲ್ಲಿ ದೆಹಲಿಯ ಪೊಲೀಸರು 21 ವರ್ಷದ ಒಬ್ಬ ಯುವಕನನ್ನು ಬಂಧಿಸಿದರು. ಆತನು ಬೆಲೆಬಾಳುವ ಮೊಬೈಲುಗಳನ್ನು ತರಿಸಿಕೊಂಡು, ಬರಿಯ ಡಬ್ಬಿ ಬಂದಿತೆಂದು ದೂರಿ, ಹಣವನ್ನು ಹಿಂದಕ್ಕೆ ಪಡೆದು, ಮೊಬೈಲುಗಳನ್ನು ಹೊರಗೆ ಮಾರುತ್ತಿದ್ದನೆಂಬುದು ಆರೋಪ. ಹಾಗೆ ತರಿಸಿದುವು 166. ಮೊತ್ತ ಸುಮಾರು 50 ಲಕ್ಷ ರೂಪಾಯಿ. ಹೆಸರು, ದೂರವಾಣಿ ಸಂಖ್ಯೆಗಳನ್ನು ಮತ್ತೆಮತ್ತೆ ಬದಲಿಸಿದುದರಿಂದ ಗುಟ್ಟು ರಟ್ಟಾಗಲು ತಿಂಗಳುಗಳೇ ಹಿಡಿದವು.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಪೊಟ್ಟಣದಲ್ಲಿ ಇಟ್ಟಿಗೆಯಿದ್ದ ಮಾತ್ರಕ್ಕೆ ಕೊಂಡವರೇ ಕಳ್ಳರೆಂದು ತೀರ್ಮಾನಿಸುವಂತಿಲ್ಲ. ಮನೆಯಿಂದ ಹೊರಟ ಸರಕು ಗೋದಾಮಿನಿಂದ ಗೋದಾಮಿಗೆ, ಲಾರಿಯಿಂದ ಸೈಕಲ್ ಮೋಟಾರಿಗೆ, ಎಷ್ಟೋ ಕೈಗಳನ್ನು ದಾಟುತ್ತದೆ. ಹಿಂದಿರುಗುವಾಗಲೂ ಅಷ್ಟೇ ಕೈಗಳು. ನಡುದಾರಿಯಲ್ಲಿ ಸರಕು ಬದಲಾದುದುಂಟು. ಪಾಪ, ಕೊಂಡವರು ಪ್ರಾಮಾಣಿಕವಾಗಿ ಮರಳಿಸಿರುತ್ತಾರೆ. ಮಾರಿದವರು ಅವರನ್ನು ಶಪಿಸುತ್ತಿರುತ್ತಾರೆ.

ಹಾಗಾದರೆ ಮಾರುವವರು ಮಾಡಬೇಕಾದುದೇನು? ಸಾಕ್ಷ್ಯವನ್ನು ಕೂಡಿಡಬೇಕು. ಅದೂ ಪೊಟ್ಟಣ ಹೊರಡುವ ಮೊದಲೇ. ಜಗಳವಾಡುವ ವೇಳೆಗೆ ಹುಡುಕಹೊರಟರೆ ಸಾಕ್ಷ್ಯ ಸಿಕ್ಕುವುದಿಲ್ಲ.

ಅನುಭವಸ್ಥರು ಅನುಸರಿಸುವ ಕ್ರಮ ಬಹಳ ಸರಳವಾದುದು. ಮೇಜಿನ ಮೇಲೆ ಸೀರೆಯನ್ನು ಹರಡುವುದರಿಂದ ಹಿಡಿದು, ಅದನ್ನು ಮಡಿಸಿ, ಚೀಲದಲ್ಲಿಟ್ಟು, ಅಂಟಿಸಿ, ವಿಳಾಸದ ಚೀಟಿ ಹಚ್ಚುವವರೆಗೆ ಎಲ್ಲಿಯೂ ನಿಲ್ಲಿಸದೆ ಒಂದೇ ಓಟದಲ್ಲಿ ಚಿತ್ರೀಕರಿಸುತ್ತಾರೆ. ನಡುವೆ ಒಮ್ಮೆ ನಿಲ್ಲಿಸಿದರೂ ಸಾಕು, ಆ ಸಂದಿನಲ್ಲಿಯೇ ಸರಕು ಬದಲಾಯಿತೆಂದು ವಾದಿಸಬಹುದು. ಗುರುತಿನ ಜಾಗವನ್ನು ಹತ್ತಿರದಿಂದ ತೋರಿಸುತ್ತಾರೆ. ಸೀರೆಯಾದರೆ ಕೊಂಡಿ, ಕಸೂತಿಯ ಹಿಂಬದಿ. ಯಂತ್ರವಾದರೆ ಅದರ ಕ್ರಮಸಂಖ್ಯೆ. ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು ತೂಕವನ್ನೂ ಕಾಣಿಸುತ್ತಾರೆ. ತೂಕದ ಮಾತು ಅಲ್ಪವೆಂದು ತೋರಬಹುದು. ಆದರೆ 620 ಗ್ರಾಂ ಹೋದದ್ದು 410 ಗ್ರಾಂ ಆಗಿ ಬಂದಿತೆಂದರೆ, ಅದರ ಮುಂದೆ ಬೇರೆ ವಾದ ನಿಲ್ಲುವುದು ಕಷ್ಟ. ಒಮ್ಮೆ ಹರಿದರೆ ಮತ್ತೆ ಅಂಟದ ಚೀಲಗಳು ಸಗಟು ಅಂಗಡಿಗಳಲ್ಲಿ ಕೆಲವೇ ರೂಪಾಯಿಗಳಿಗೆ ದೊರೆಯುತ್ತವೆ. ಸೀರೆಯ ಬೆಲೆಯ ಚೀಟಿಯನ್ನು ಸೆರಗಿನ ನಡುವೆ, ಉಟ್ಟರೆ ಎದ್ದು ಕಾಣುವೆಡೆಯಲ್ಲಿ ದಾರದಿಂದ ಹೊಲಿದು, 'ಈ ಚೀಟಿ ಕಿತ್ತಿದ್ದರೆ ಮರಳಿ ಪಡೆಯಲಾಗುವುದಿಲ್ಲ' ಎಂದು ಮಾರಾಟದ ಪುಟದಲ್ಲಿ ಮೊದಲೇ ತಿಳಿಸುವುದು ಮತ್ತೊಂದು ಉಪಾಯ. ಮದುವೆಗೆ ಉಟ್ಟು ಮರಳಿಸುವವರ ಹಾವಳಿ ಇದರಿಂದ ಬಹಳಮಟ್ಟಿಗೆ ತಗ್ಗುತ್ತದೆ. ಸೆರಗಿನ ಮೇಲೆ ಬೆಲೆಯ ಚೀಟಿಯನ್ನು ಜೋತುಬಿಟ್ಟುಕೊಂಡು ಆರತಕ್ಷತೆಗೆ ಯಾರು ಹೋದಾರು?

ಹಿಂದಿರುಗಿದ ಪೊಟ್ಟಣದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಬಾಗಿಲಲ್ಲಿ ನಿಂತ ಹುಡುಗನಿಗೆ ಸದಾ ಅವಸರ. ಆದರೂ ಚೀಲ ಹರಿದಿದ್ದರೆ, ಅಂಟಿನ ಪಟ್ಟಿ ಎರಡು ಬಗೆಯದಾಗಿದ್ದರೆ, ಸಹಿಗೆ ಮುಂಚೆ ಅದನ್ನು ಅವನಿಗೆ ತೋರಿಸಿ ಚಿತ್ರ ತೆಗೆದುಕೊಳ್ಳಬೇಕು. ಸಾಧ್ಯವಾದರೆ ಷರಾ ಬರೆಯಿಸಬೇಕು. ಬಿಚ್ಚುವಾಗ ಮತ್ತೆ ಚಿತ್ರೀಕರಣ: ಮೊದಲು ಪೊಟ್ಟಣದ ಎಲ್ಲ ಮಗ್ಗುಲುಗಳು, ಬಾರ್‌ಕೋಡಿನ ಚೀಟಿ, ಅನಂತರ ತೂಕ, ಕಡೆಗೆ ಕತ್ತರಿ. ಒಬ್ಬರೇ ಮಾಡಲಾರದ ಕೆಲಸ. ಮನೆಯ ಮಕ್ಕಳಾದರೂ ಮೊಬೈಲು ಹಿಡಿದು ನಿಲ್ಲಬೇಕು. ಮಾರುಕಟ್ಟೆಯ ಸಂಸ್ಥೆಗಳು ನಷ್ಟಪರಿಹಾರದ ಅರ್ಜಿಗೆ ಗೊತ್ತಾದ ಅವಧಿಯನ್ನು ಇಟ್ಟಿರುತ್ತವೆ. ಅದು ಒಂದೊಂದು ಕಡೆ ಒಂದೊಂದು ತೆರ. ಕೆಲವೆಡೆ ದಿನಗಳ ಲೆಕ್ಕ. ಹಬ್ಬದ ಗದ್ದಲದಲ್ಲಿ ಪೊಟ್ಟಣವನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿ, ಅವಧಿ ಮೀರಿದ ಮೇಲೆ ಕಣ್ಣೀರಿಟ್ಟವರು ಕಡಮೆಯಿಲ್ಲ.

ಅರ್ಜಿಯಲ್ಲಿ ಕೋಪಕ್ಕೆ ಎಡೆಯಿರಬಾರದು. 'ಇವರು ಕಳ್ಳರು, ಇವರಿಗೆ ಬುದ್ಧಿ ಕಲಿಸಿ' ಎಂಬ ಪತ್ರವನ್ನು ಓದುವವರು ಯಾರೂ ಇಲ್ಲ. ಕಳುಹಿಸಿದ್ದು ಇದು, ಬಂದದ್ದು ಇದು, ವ್ಯತ್ಯಾಸ ಈ ಮೂರು ಕಡೆ ಎಂದು ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು. ಮೊದಲ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಬಹುಮಟ್ಟಿಗೆ ಅದನ್ನು ನೋಡುವುದು ಯಂತ್ರವೇ. ಮೇಲ್ಮನವಿಯಲ್ಲಿ ಮನುಷ್ಯರ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಹುಬ್ಬಳ್ಳಿಯ ಗೃಹಿಣಿಯಂಥವರು ಸೋಲುವುದು ಇಲ್ಲಿಯೇ: ಕೊಂಡಿಯೆಂದರೇನೆಂದು ಆ ಕಚೇರಿಯ ಹುಡುಗನಿಗೆ ತಿಳಿಯದು. ಅವನ ಕಣ್ಣಿಗೆ ಎರಡೂ ಹಸಿರು ಸೀರೆಗಳೇ, ಎರಡಕ್ಕೂ ಕೆಂಪು ಸೆರಗೇ. ಸೆರಗಿನ ಸಂದಿಯನ್ನು ದೊಡ್ಡದಾಗಿ ತೋರಿಸಿ, ಎರಡು ಸಾಲುಗಳಲ್ಲಿ ವಿವರಿಸುವ ಹೊಣೆ ಮಾರುವವರದೇ.

ಕಾನೂನಿನ ಆಸರೆ ಉಂಟೆ? ಉಂಟು, ಆದರೆ ದಾರಿ ದೂರ. ಗ್ರಾಹಕ ಆಯೋಗವು ಕೊಂಡವರ ದೂರಿಗಾಗಿ ಇರುವ ಸ್ಥಳ; ಕೊಂಡವರ ಮೇಲೆ ಮಾರಿದವರು ಅಲ್ಲಿಗೆ ಹೋಗಲಾಗದು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದಿದ್ದರೆ ಮಾರಾಟಗಾರನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ನೋಡದೆ ಕೊಂಡ ಸರಕನ್ನು ಪರೀಕ್ಷಿಸಿ ನೋಡಲು ಕೊಂಡವರಿಗೆ ಅವಕಾಶವಿರಬೇಕೆಂದು 1930ರ ಸರಕು ಮಾರಾಟ ಕಾಯಿದೆಯೇ ಹೇಳುತ್ತದೆ. ಇವೆಲ್ಲ ನ್ಯಾಯವಾದುವೇ. ಆದರೆ ಬೇಕೆಂದೇ ಸರಕು ಬದಲಿಸಿ ಹಣ ಪಡೆಯುವುದು ವಂಚನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿ, ಮೋಸದಿಂದ ಸ್ವತ್ತು ಪಡೆದುದಕ್ಕೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಒಂದು ಸೀರೆಗಾಗಿ ಠಾಣೆಯ ಮೆಟ್ಟಿಲು ಹತ್ತುವವರು ವಿರಳ. ಆದರೂ ಒಂದೇ ವಿಳಾಸದಿಂದ ಮತ್ತೆಮತ್ತೆ ಹೀಗಾದರೆ ದೂರು ಬರೆದಿಡುವುದು ವ್ಯರ್ಥವಲ್ಲ.

ಮಾಡಬಾರದ ಕೆಲಸವೊಂದುಂಟು. ಚೀಟಿಯ ಮೇಲಿನ ಹೆಸರು, ದೂರವಾಣಿ ಸಂಖ್ಯೆಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕಿ 'ಎಚ್ಚರಿಕೆ' ಎಂದು ಸಾರುವುದು. ಬದಲಾಯಿಸಿದವನು ನಡುದಾರಿಯ ಕೆಲಸಗಾರನಾಗಿದ್ದರೆ ಗತಿಯೇನು? ಸೀರೆ ಕಳೆದುಕೊಂಡವರೇ ಮಾನಹಾನಿಯ ಮೊಕದ್ದಮೆಗೆ ಉತ್ತರ ಹೇಳಬೇಕಾದೀತು.

ಮಾರುವವರದೇನೂ ತಪ್ಪಿಲ್ಲವೆಂದು ಹೇಳಿದರೆ ಪಕ್ಷಪಾತವಾದೀತು. ಮರಳಿ ಬರುವ ಪೊಟ್ಟಣಗಳಲ್ಲಿ ಎಷ್ಟೋ ಪಾಲು ಪ್ರಾಮಾಣಿಕವಾದುವು. ಅವಕ್ಕೆ ಕಾರಣ ಮಾರಿದವರ ಚಿತ್ರಗಳೇ. ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ಗಿಳಿಹಸಿರು. ಮನೆಗೆ ಬಂದಾಗ ಪಾಚಿಹಸಿರು! ಗಿರಾಕಿ ಮುನಿಯದೆ ಏನು ಮಾಡಿಯಾಳು? ಹಗಲು ಬೆಳಕಿನಲ್ಲಿ, ಬಾಗಿಲ ಬಳಿ ತೆಗೆದ ಒಂದು ಚಿತ್ರವನ್ನು ಕಡ್ಡಾಯವಾಗಿ ಸೇರಿಸಿದ ಮೇಲೆ, ಉದ್ದಗಲಗಳನ್ನು ಅಂಗುಲದ ಲೆಕ್ಕದಲ್ಲಿ ಬರೆದ ಮೇಲೆ, ಮರಳಿಕೆ ಇಳಿಯುತ್ತದೆ. ಮರಳಿಕೆ ಇಳಿದಷ್ಟೂ ಉಳಿದವುಗಳಲ್ಲಿ ಮೋಸದ್ದು ಯಾವುದೆಂದು ಗುರುತಿಸುವುದೂ ಸುಲಭ.

ಹುಬ್ಬಳ್ಳಿಯ ಮನೆಗೆ ಹಿಂದಿರುಗೋಣ. ಮೊದಲ ಸೀರೆಯ ಹಣ ಬರಲಿಲ್ಲ. ಕಳುಹಿಸುವಾಗಿನ ಚಿತ್ರವೇ ಅವಳ ಬಳಿ ಇರಲಿಲ್ಲ. ಆ ಸೀರೆಯ ನಷ್ಟವನ್ನು ಯಜಮಾನನು ತನ್ನ ಸಂಬಳದಲ್ಲಿ ತುಂಬಿದನು. ತಿಂಗಳ ಅನಂತರ ಮೈಸೂರಿನಿಂದ ಇನ್ನೊಂದು ಸೀರೆ ಮರಳಿತು. ಈ ಸಲ ಮಗನು ಮೊಬೈಲು ಹಿಡಿದು ಕುರ್ಚಿಯ ಮೇಲೆ ನಿಂತನು, ತಕ್ಕಡಿ ಬಂದಿತು, ಅತ್ತೆ ಕನ್ನಡಕ ಒರೆಸಿಕೊಂಡು ಕುಳಿತಳು. ಕತ್ತರಿ ಆಡಿತು. ಸೆರಗಿನ ಸಂದಿಯಲ್ಲಿ ಮುದುಕಿಯ ಬೆರಳು ನಿಧಾನವಾಗಿ ಸರಿದು ನಿಂತಿತು.

"ನಮ್ಮದ ಐತವಾ."

ಮಡಿಕೆಯ ನಡುವೆ ಒಂದು ಸಣ್ಣ ಚೀಟಿಯೂ ಇದ್ದಿತು. ಸೀರೆ ಬಹಳ ಚೆನ್ನಾಗಿದೆಯೆಂದೂ, ತಾಯಿಗೆ ಒಂಬತ್ತು ಗಜದ್ದು ಬೇಕಾಗಿದ್ದಿತೆಂದೂ, ಅಂಥದು ಇದ್ದರೆ ತಿಳಿಸಬೇಕೆಂದೂ ಕೊಂಡವರು ಬರೆದಿದ್ದರು. ಗೃಹಿಣಿ ಆ ರಾತ್ರಿಯೇ ಇಳಕಲ್ಲಿನ ನೇಕಾರರ ಮನೆಗೆ ಫೋನು ಮಾಡಿದಳು.