ಕಬ್ಬಿನ ಕೋಶದೊಳಗೆ ಉಪ್ಪು ಇಳಿದ ದಾರಿ

ಮೂಡಲಗಿ ಸೀಮೆಯ ಎರೆ ಹೊಲಗಳಿಗೆ ಸವಳು ಹತ್ತಿದ್ದು ಕಾಲುವೆ ನೀರಿನ ಬೆನ್ನಿಗೆ. ಗೋಕಾಕ ಸಮೀಪದ ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಒಡ್ಡು ಕಟ್ಟಿದ್ದು 1897ರಲ್ಲಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ ತುಂಬತೊಡಗಿದ ಮೇಲೆ ಎಡದಂಡೆ ಕಾಲುವೆ 109 ಕಿ.ಮೀ. ಉದ್ದಕ್ಕೆ ಬೆಳೆಯಿತು. ಜೋಳ, ಹತ್ತಿ ನಿಂತಿದ್ದ ನೆಲಕ್ಕೆ ಕಬ್ಬು ಬಂತು.

ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಕೆಳಗೆ ಬಸಿಯಲು ಬಿಡುವುದಿಲ್ಲ. ವರ್ಷವಿಡೀ ನೀರು ಹಾಯಿಸಿದಂತೆ ಅಂತರ್ಜಲ ಮೇಲೇರಿತು. ಕಪ್ಪು ಕಲ್ಲು ಸವೆದು ಮಣ್ಣಾಗುವಾಗ ಬಿಟ್ಟುಕೊಟ್ಟಿದ್ದ ಲವಣಗಳೂ ಅದರೊಂದಿಗೆ ಬಂದವು. ಬಿಸಿಲಿಗೆ ನೀರು ಆರಿತು, ಉಪ್ಪು ಬೇರಿನ ಮಟ್ಟದಲ್ಲೇ ಉಳಿಯಿತು. ನೀರು ನಿಂತ ನೆಲ ಜವಳು, ಉಪ್ಪು ನಿಂತದ್ದು ಸವಳು. ಎರಡೂ ಜೊತೆಯಾಗಿಯೇ ಬರುವುದು ಹೆಚ್ಚು.

ಮುಂದಿನ ಕಥೆ ಬೇರಿನ ಜೀವಕೋಶದೊಳಗೆ ನಡೆಯುತ್ತದೆ. ಆರೋಗ್ಯವಾಗಿರುವ ಸಸ್ಯಕೋಶದ ದ್ರವ್ಯದಲ್ಲಿ ಪೊಟ್ಯಾಸಿಯಂ ಅಯಾನುಗಳದ್ದೇ ಯಜಮಾನಿಕೆ. ಐವತ್ತಕ್ಕೂ ಹೆಚ್ಚು ಕಿಣ್ವಗಳು ಅದಿಲ್ಲದೆ ಸರಿಯಾಗಿ ಕೆಲಸ ಮಾಡವು. ರೈಬೋಸೋಮ್‌ಗಳಲ್ಲಿ ಪ್ರೋಟೀನು ಕಟ್ಟುವುದಕ್ಕೂ ಅದು ಬೇಕು. ಸೋಡಿಯಂ ಅಯಾನಿಗೂ ಪೊಟ್ಯಾಸಿಯಂನಂತೆಯೇ ಒಂದು ಧನ ವಿದ್ಯುದಂಶ. ಆ ಹೋಲಿಕೆಯೇ ಮುಳುವು. ಮಣ್ಣಿನಲ್ಲಿ ಸೋಡಿಯಂ ವಿಪರೀತವಾದಾಗ ಅದು ಪೊಟ್ಯಾಸಿಯಂ ಬರುವ ಬಾಗಿಲುಗಳಿಂದಲೇ ನುಸುಳಿ, ಕಿಣ್ವಗಳಲ್ಲಿ ಅದರ ಜಾಗ ಹಿಡಿಯುತ್ತದೆ, ಆದರೆ ಅದರ ಕೆಲಸ ಮಾಡುವುದಿಲ್ಲ.

ಪ್ರಾಣಿಕೋಶಗಳು ಸೋಡಿಯಂ ಅನ್ನು ಹೊರಹಾಕಲು ವಿಶೇಷ ಪಂಪೊಂದನ್ನು ಇಟ್ಟುಕೊಂಡಿವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಅದನ್ನು ಗುರುತಿಸಿದರು; ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಕಳೆದ ಮೇಲೆ. ಕಬ್ಬಿನಂಥ ಗಿಡಗಳಿಗೆ ಆ ಪಂಪ್ ಇಲ್ಲ. ಅವು ಸುತ್ತುದಾರಿ ಹಿಡಿದಿವೆ: ಮೊದಲು ಪ್ರೋಟಾನ್‌ಗಳನ್ನು ಪೊರೆಯಾಚೆ ತಳ್ಳುತ್ತವೆ, ಪ್ರೋಟಾನ್ ಹಿಂತಿರುಗುವಾಗ ಅದಕ್ಕೆ ಬದಲಾಗಿ ಸೋಡಿಯಂ ಅನ್ನು ಸಾಗಹಾಕುತ್ತವೆ. ಕೆಲವಷ್ಟು ಕೋಶದ ಹೊರಗೆ ಹೋಗುತ್ತದೆ, ಉಳಿದದ್ದು ಕೋಶದೊಳಗಿನ ರಸದ ಚೀಲವಾದ ರಸದಾನಿಗೆ.

ಬಲಿತ ಕೋಶದ ಬಹುಪಾಲು ಜಾಗ ಈ ರಸದಾನಿಯದ್ದೇ. ಕಿಣ್ವಗಳ ಸಹವಾಸದಿಂದ ದೂರ, ಅಲ್ಲಿ ಕೂಡಿಟ್ಟ ಸೋಡಿಯಂನಿಂದ ಹಾನಿ ಕಡಿಮೆ. ಹೊರಗಿನ ಉಪ್ಪು ಮಣ್ಣಿನಿಂದ ನೀರೆಳೆಯಲೂ ಅದು ನೆರವಾಗುತ್ತದೆ. ರಸದಾನಿಯ ಪೊರೆಯಲ್ಲಿ ಈ ಅದಲುಬದಲು ನಡೆಸುವ ಪ್ರೋಟೀನನ್ನು ಎಡ್ವರ್ಡೊ ಬ್ಲುಮ್‌ವಾಲ್ಡ್ ತಂಡ 1999ರಲ್ಲಿ ಒಂದು ಪುಟ್ಟ ಸಾಸಿವೆ ಜಾತಿಯ ಗಿಡದಲ್ಲಿ ಹೆಚ್ಚಿಸಿ ನೋಡಿತು. ಗಿಡ ಉಪ್ಪು ತಾಳಿತು. ಹೊಲದ ಕಬ್ಬಿಗೆ ಆ ಭಾಗ್ಯ ಇನ್ನೂ ದೂರ.

ಅಪಾಯದ ಸುದ್ದಿ ಮುಟ್ಟಿಸುವುದು ಕ್ಯಾಲ್ಸಿಯಂ. ಕೋಶದ್ರವ್ಯದಲ್ಲಿ ಅದು ರಸದಾನಿಯಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಉಪ್ಪು ತಾಗಿದ ಕ್ಷಣ ಅದರ ಮಟ್ಟ ಏರುತ್ತದೆ, ಆ ಏರಿಕೆಯೇ ಸೋಡಿಯಂ ಹೊರದೂಡುವ ಪ್ರೋಟೀನುಗಳನ್ನು ಎಚ್ಚರಿಸುತ್ತದೆ. ಕೋಶದಲ್ಲಿ ಬೇರೆ ಲೋಹಗಳಿಗೂ ಅವುಗಳದ್ದೇ ಕೆಲಸವಿದೆ: ಕ್ಲೋರೋಪ್ಲಾಸ್ಟ್‌ನ ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂ ಕೂತಿದೆ. ಮೈಟೊಕಾಂಡ್ರಿಯದ ಉಸಿರಾಟಕ್ಕೆ ಕಬ್ಬಿಣ ಬೇಕು. ಎರೆ ಮಣ್ಣಿನ ಕ್ಷಾರಗುಣದಿಂದ ಕಬ್ಬಿಣ ಕರಗದೆ ಉಳಿದಾಗ ಹೊಸ ಗರಿಗಳು ಬಿಳಿಚುತ್ತವೆ, ಅದರಲ್ಲೂ ಕುಳೆ ಕಬ್ಬಿನಲ್ಲಿ.

ಉಪ್ಪು ಸಾಗಿಸುವ ಕೆಲಸ ಪುಕ್ಕಟೆಯಲ್ಲ. ಪ್ರೋಟಾನ್ ತಳ್ಳುವ ಪಂಪ್‌ಗಳಿಗೆ ಶಕ್ತಿಯಾಗಿ ಬೇಕಾದ ಎಟಿಪಿಯ ಬಹುಪಾಲನ್ನು ಮೈಟೊಕಾಂಡ್ರಿಯ ಕೊಡಬೇಕು. ಬೆಳವಣಿಗೆಗೆ ಹೋಗಬೇಕಾದ ಶಕ್ತಿ ಹೀಗೆ ಸೋರಿದಾಗ ಗಣಿಕೆಗಳ ನಡುವಿನ ಅಂತರ ಕುಗ್ಗಿ, ಜಲ್ಲೆ ಗಿಡ್ಡಾಗುತ್ತದೆ. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ: ಕಬ್ಬು ತನ್ನ ಸಕ್ಕರೆಯನ್ನು ಕೂಡಿಡುವುದೂ ಜಲ್ಲೆಯ ಕೋಶಗಳ ರಸದಾನಿಯಲ್ಲೇ. ಗಾಣದಲ್ಲಿ ಹಿಂಡಿದಾಗ ಸಕ್ಕರೆಯೊಂದಿಗೆ ಸೋಡಿಯಂ, ಕ್ಲೋರೈಡ್ ಎಲ್ಲವೂ ಹಾಲಿಗೆ ಬರುತ್ತವೆ. ಸವಳು ನೆಲದ ಬೆಲ್ಲ ಉಪ್ಪುಪ್ಪಾಗಿ, ಗಟ್ಟಿಯಾಗದೆ, ಮಳೆಗಾಲದಲ್ಲಿ ನೀರೊಡೆಯುವುದು ಈ ಕಾರಣಕ್ಕೆ. ಪಾಕ ಹದ ತಪ್ಪಿಸಿದನೆಂದು ಗಾಣದವನನ್ನು ಬಯ್ದು ಫಲವಿಲ್ಲ.

ಮದ್ದು ಕೂಡ ಅಯಾನುಗಳ ಲೆಕ್ಕದ್ದೇ. ಜೇಡಿ ಕಣಗಳಿಗೆ ಅಂಟಿದ ಸೋಡಿಯಂ ಮಣ್ಣಿನ ಕಣಗಳನ್ನು ಚದುರಿಸಿ ರಂಧ್ರ ಮುಚ್ಚುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಅದನ್ನು ಕಿತ್ತು ತಾನು ಕೂರುತ್ತದೆ, ಮಣ್ಣಿನ ಕಣಗಳು ಮತ್ತೆ ಒಟ್ಟುಗೂಡುತ್ತವೆ. ಆದರೆ ಕಿತ್ತ ಸೋಡಿಯಂ ಹೊಲ ಬಿಟ್ಟು ಹೊರಹೋಗಬೇಕು. ಬಸಿಗಾಲುವೆಯೋ ನೆಲದಡಿಯ ರಂಧ್ರದ ಕೊಳವೆಯೋ ಇಲ್ಲದೆ ಸುರಿದ ಜಿಪ್ಸಂ ಹಣ ಹಾಳು. ಮಣ್ಣಿನ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಸವಳು ಎನ್ನುತ್ತಾರೆ. ಕಬ್ಬಿನ ಇಳುವರಿ 1.7ರ ಆಚೆಗೇ ಕುಗ್ಗತೊಡಗುತ್ತದೆ. ನೆಲದ ಮೇಲೆ ಬಿಳಿ ಕಾಣುವವರೆಗೆ ಕಾಯದೆ, ಕುಳೆ ಬಿಡುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ.